ಮೈ ಸೆಟೆಯುವ ಮೊದಲು

ಮಂಡ್ಯದಲ್ಲಿ ಫ್ರೀಜರ್ ಬಾಕ್ಸ್, ಶವ ಸಾಗಿಸುವ ಗಾಡಿ ಇಟ್ಟುಕೊಂಡು 12 ವರ್ಷ ಆಯ್ತು. ಈ ಕೆಲಸವನ್ನು ನಾನು ಓದಿ ಕಲಿತವನಲ್ಲ. ಮೊದಲು ಆಂಬುಲೆನ್ಸ್ ಓಡಿಸುತ್ತಿದ್ದೆ. ಮೈಸೂರಿನ ಶವಾಗಾರವೊಂದರ ಮುಂದೆ ಗಂಟೆಗಟ್ಟಲೆ ಕಾಯಬೇಕಿತ್ತು. ಅಲ್ಲಿದ್ದ ಹಿರಿಯರೊಬ್ಬರು, 'ಸುಮ್ನೆ ಯಾಕೆ ಕೂತಿದ್ದೀಯಪ್ಪ, ಬಾ, ಒಂದು ಕೈ ಹಿಡಿ' ಅಂದರು. ಅವರೇ ನನ್ನ ಗುರು.

ಅವರು ಮೊದಲು ಹೇಳಿಕೊಟ್ಟಿದ್ದು ಮೈ ಸೆಟೆಯುವ ವಿಷಯ. ಜೀವ ಹೋದ ಎರಡು ಮೂರು ಗಂಟೆಯಲ್ಲಿ ರೆಪ್ಪೆ, ದವಡೆ ಬಿಗಿಯುತ್ತವೆ. ಆಮೇಲೆ ಕುತ್ತಿಗೆ, ಕೈ, ಕಾಲು. ಅದಕ್ಕೇ ಹೋದ ಕೂಡಲೇ ಕಣ್ಣು ಮುಚ್ಚಿ, ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟುವುದು. ತಂಪಿನಲ್ಲಿಟ್ಟರೆ ಈ ಬಿಗಿ ಇನ್ನೂ ಜಾಸ್ತಿ ಹೊತ್ತು ಇರುತ್ತದೆ.

ಇಷ್ಟು ಗೊತ್ತಿದ್ದೂ ತಪ್ಪು ಮಾಡಿದೆ. ಸ್ವಂತ ಗಾಡಿ ಕೊಂಡ ಹೊಸತು. ಹಳ್ಳಿಯೊಂದರ ಲಿಂಗಾಯತ ಮನೆಯ ಯಜಮಾನರು ರಾತ್ರಿ ತೀರಿಕೊಂಡಿದ್ದರು. ಏನೂ ಕೇಳದೆ ಬಾಕ್ಸ್‌ನಲ್ಲಿ ಉದ್ದಕ್ಕೆ ಮಲಗಿಸಿ ಬಂದೆ. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಬೆಳಿಗ್ಗೆ ಅವರನ್ನು ಕೂರಿಸಿ ಹೊರುವ ಹೂವಿನ ವಿಮಾನ ಸಿದ್ಧವಾಗಿತ್ತು, ಕಾಲು ಮಡಚಲು ಬರಲಿಲ್ಲ. ಮಗ ಮೊಣಕಾಲು ಒತ್ತಲು ಹೋಗಿ ಕೈ ಬಿಟ್ಟ. 'ಅಪ್ಪಂಗೆ ನೋವಾಗುತ್ತೆ ಕಣಣ್ಣ' ಅಂದ.

ಗುರುಗಳಿಗೆ ಫೋನ್ ಮಾಡಿದೆ. 'ಒಂದೇ ಸಲ ಒತ್ತಬೇಡ. ಕೀಲಿನ ಸುತ್ತ ಕೈಯಿಂದ ನೀವಿ ಚೂರು ಮಡಚು, ಮತ್ತೆ ನೀವಿ ಮಡಚು' ಅಂದರು. ನೆಲದ ಮೇಲೆ ಕೂತು ಮುಕ್ಕಾಲು ಗಂಟೆ ನೀವಿದೆ. ಕೊನೆಗೆ ಕಾಲು ಮಡಚಿತು. ವಿಭೂತಿ ಹಚ್ಚಿ ಕೂರಿಸಿದೆವು. ಆ ಮನೆಯವರು ಒಂದು ಮಾತೂ ಬೈಯಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಈಗ ಫೋನ್ ಬಂದರೆ ಮೊದಲು ಕೇಳುವುದೇ, 'ನಿಮ್ಮಲ್ಲಿ ಕೂರಿಸೋದಾ, ಮಲಗಿಸೋದಾ, ಸುಡೋದಾ?' ಎರಡನೆಯದು, 'ಕಣ್ಣು ದಾನ ಮಾಡ್ತೀರಾ?' ಮಾಡುವುದಾದರೆ ಆರು ಗಂಟೆಯೊಳಗೆ ಆಗಬೇಕು. ಫ್ಯಾನ್ ಆರಿಸಿ, ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಡಿ ಅನ್ನುತ್ತೇನೆ. ಅಪಘಾತ, ಆತ್ಮಹತ್ಯೆ ಆಗಿದ್ದರೆ ಏನನ್ನೂ ಮುಟ್ಟಬಾರದು, ಮೊದಲು ಪೊಲೀಸರು ಬರಬೇಕು. ಮನೆಯವರ ಮುಂದೆ 'ಬಾಡಿ' ಅನ್ನುವುದಿಲ್ಲ. ಅಜ್ಜಿ, ಯಜಮಾನರು ಅಂತಲೇ ಅನ್ನುತ್ತೇನೆ.

ಈ ಕೆಲಸಕ್ಕೆ ಬರುವ ಹುಡುಗರಿಗೆ ಎಂಬಾಮಿಂಗ್ ಹೇಗೆ ಮಾಡುತ್ತಾರೆ ಅನ್ನುವುದೂ ಗೊತ್ತಿರಲಿ. ಶವ ಕೆಡದ ಹಾಗೆ ರಕ್ತನಾಳದ ಮೂಲಕ ಫಾರ್ಮಲಿನ್ ದ್ರಾವಣ ತುಂಬುತ್ತಾರೆ, ಅದರ ಘಾಟಿಗೆ ಹತ್ತಿರ ಇದ್ದವರ ಕಣ್ಣು ಉರಿ ಹತ್ತುತ್ತದೆ. ವಿಮಾನದಲ್ಲಿ ಕಳಿಸಲು ಅದರ ಸರ್ಟಿಫಿಕೇಟ್ ಬೇಕು. ಎಂಬಾಮಿಂಗ್ ಅನ್ನು ಹೆಚ್ಚಾಗಿ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದವರು ಮಾಡುತ್ತಾರೆ, ನಾವು ಕೈ ಹಾಕುವಂತಿಲ್ಲ.

ಹಾಲು ತುಪ್ಪದ ದಿನ ಸಾವಾದ ಮನೆಗೆ ಮತ್ತೆ ಹೋಗಿ ಬರುತ್ತೇನೆ, ದುಡ್ಡಿಗಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ದುಃಖದಲ್ಲಿ ಮರೆತುಬಿಡುತ್ತಾರೆ. ಅರ್ಜಿಯಲ್ಲಿರುವ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ಅಂತ ಜೋರಾಗಿ ಓದಿ ಹೇಳುತ್ತೇನೆ. ಒಂದು ಅಕ್ಷರ ತಪ್ಪಿದರೂ ಆ ಮನೆಯ ತಾಯಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.