ವೈರ್ ಸಿಕ್ಕಿಸುವ ಮೊದಲು ಓಮ್ ನೋಡಿ
ತೋಟಕ್ಕೆ ನೀರಿನ ಕಂಟ್ರೋಲರ್ ಕೂರಿಸುವವರು ವಾಲ್ವ್ ವೈರ್‌ಗಳನ್ನು ಟರ್ಮಿನಲ್‌ಗೆ ಸಿಕ್ಕಿಸುವ ಮೊದಲೇ, ಮಲ್ಟಿಮೀಟರನ್ನು ಓಮ್‌ಗೆ (ವಿದ್ಯುತ್ ರೋಧದ ಅಳತೆಗೆ) ತಿರುಗಿಸಿ, ಎಲ್ಲ ವಾಲ್ವ್‌ಗಳಿಗೂ ಸೇರಿದ ಕಾಮನ್ ವೈರ್‌ಗೂ ಒಂದೊಂದು ವಾಲ್ವ್ ವೈರ್‌ಗೂ ನಡುವೆ ಅಳೆಯಿರಿ. 24 ವೋಲ್ಟ್ ಎಸಿ ವಾಲ್ವ್ ಆದರೆ ಸಾಮಾನ್ಯವಾಗಿ 20ರಿಂದ 60 ಓಮ್ ಬರಬೇಕು. ಒಳಗಿರುವುದು ತಾಮ್ರದ ತಂತಿಯ ಸುರುಳಿ ಅಷ್ಟೇ ಅಲ್ವಾ? ಸೊನ್ನೆ ಹತ್ತಿರ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ. ಅದನ್ನು ಹಾಗೇ ಸಿಕ್ಕಿಸಿದರೆ ಫ್ಯೂಸೋ ಟ್ರಾನ್ಸ್‌ಫಾರ್ಮರೋ ಸುಟ್ಟುಹೋಗಬಹುದು, ದಯವಿಟ್ಟು ಬೇಡ. ಮೀಟರ್ ಏನೂ ತೋರಿಸದಿದ್ದರೆ ಹಾರೆ ತಗುಲಿ ವೈರ್ ತುಂಡಾಗಿರಬಹುದು, ಇಲ್ಲವೇ ವಾಲ್ವ್ ಬಾಕ್ಸ್‌ನ ಜಾಯಿಂಟ್ ಹಸಿರು ಕಿಲುಬು ಹಿಡಿದು ಬಿಟ್ಟುಕೊಂಡಿರಬಹುದು. ಬ್ಯಾಟರಿಯಲ್ಲಿ ನಡೆಯುವ, ಕ್ಷಣಮಾತ್ರದ ಕರೆಂಟಿಗೆ ತೆರೆದು ಹಾಗೇ ನಿಲ್ಲುವ ಲ್ಯಾಚಿಂಗ್ ವಾಲ್ವ್‌ಗೆ ಈ ಲೆಕ್ಕ ಹೊಂದುವುದಿಲ್ಲ, ಅದರ ಓಮ್ ಸಾಮಾನ್ಯವಾಗಿ ಇನ್ನೂ ಕಡಿಮೆ. ವಾಲ್ವ್ ಒಳಗೆ ನೀರು ತಡೆಯುವ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್‌ನಲ್ಲಿ ಮರಳು ಸಿಕ್ಕಿಕೊಂಡಿದ್ದರೂ ಮೀಟರ್‌ಗೆ ಗೊತ್ತಾಗುವುದಿಲ್ಲ, ಬಿಚ್ಚಿಯೇ ನೋಡಬೇಕು.