ಕ್ರಿಸ್ಟಲ್ ಸೆಟ್ಟಿನಲ್ಲಿ ಮೋರ್ಸ್ ಹಿಡಿದದ್ದು

ಮುಂಬಯಿಯ ಮುಲುಂಡಿನ ನಮ್ಮ ಮನೆಯಿಂದ ಎರಡು ಕಟ್ಟಡ ಆಚೆ ಉಡುಪಿ ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ನೇಹಿತರೊಬ್ಬರಿದ್ದಾರೆ. ಅವರು 7 ಮೆಗಾಹರ್ಟ್ಜ್‌ನಲ್ಲಿ ಕಳುಹಿಸುವ ಮೋರ್ಸನ್ನು, ಅಂದರೆ ಗಿಡ್ಡ-ಉದ್ದ ಸದ್ದುಗಳ ಸಂಕೇತಭಾಷೆಯನ್ನು, ಬ್ಯಾಟರಿಯಿಲ್ಲದೆ ನಡೆಯುವ ನನ್ನ ಸರಳ ರೇಡಿಯೋ ಆದ ಕ್ರಿಸ್ಟಲ್ ಸೆಟ್ಟಿನಲ್ಲಿ ಕೇಳಬೇಕೆಂಬುದು ಬಹಳ ದಿನಗಳ ಆಸೆಯಾಗಿತ್ತು.

ಒಂದಂಗುಲದ ಪಿವಿಸಿ ಕೊಳವೆಯ ತುಂಡಿಗೆ 22 ಗೇಜಿನ ಎನಾಮಲ್ ತಂತಿಯನ್ನು 12 ಸುತ್ತು ಸುತ್ತಿದೆ. ಸ್ಟೇಷನ್ ಹಿಡಿಯಲು ತಿರುಗಿಸುವ ಹಳೆಯ ಗ್ಯಾಂಗ್ ಕಂಡೆನ್ಸರ್ ಮನೆಯಲ್ಲೇ ಇತ್ತು. ರೇಡಿಯೋ ಸಂಕೇತವನ್ನು ಕೇಳುವಂತೆ ಮಾಡುವ ಜರ್ಮೇನಿಯಂ ಡಯೋಡು ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕಿತು. ಕೇಳಲು 2000 ಓಮ್‌ನ ಹೆಡ್‌ಫೋನ್. ನಾಲ್ಕನೇ ಮಹಡಿಯಲ್ಲಿ ಅರ್ಥಿಂಗ್ ಎಲ್ಲಿಂದ ತರುವುದು? ನೀರಿನ ಕೊಳವೆಗಳೂ ಈಗ ಪ್ಲಾಸ್ಟಿಕ್ಕೇ. ಗ್ಯಾಲರಿಯಿಂದ ಒಳಕೋಣೆಯವರೆಗೆ ಗೋಡೆಯ ಬುಡದಲ್ಲಿ 10 ಮೀಟರ್ ತಂತಿ ಹಾಸಿದೆ, ಅದೇ ಸಾಕಾಯಿತು.

"ಕೇಳಿಸಿತೇ ರಾಯರೇ?" ಎಂದು ಸ್ನೇಹಿತರು ಫೋನಿನಲ್ಲಿ ವಿಚಾರಿಸಿದರು. ನನಗೆ ಕೇಳಿಸಿದ್ದು ಮೆಲ್ಲಗೆ ಟಪ್, ಟಪ್ ಎಂಬ ಸದ್ದು ಮಾತ್ರ. ಮೋರ್ಸ್ ಎಂದರೆ ವಾಹಕ ತರಂಗವನ್ನು (ಸಂಕೇತವನ್ನು ಹೊತ್ತೊಯ್ಯುವ ರೇಡಿಯೋ ತರಂಗ) ಹಚ್ಚಿ ಆರಿಸುವುದಷ್ಟೇ. ಅದರ ಮೇಲೆ ಸ್ವರವೇ ಇರುವುದಿಲ್ಲ. ಅದಕ್ಕೆ ಆವರ್ತನದಲ್ಲಿ ತುಸು ವ್ಯತ್ಯಾಸವಿರುವ ಇನ್ನೊಂದು ತರಂಗವನ್ನು ಬೆರೆಸಿದರೆ, ಆ ವ್ಯತ್ಯಾಸವೇ ಕಿವಿಗೆ ಸ್ವರವಾಗುತ್ತದೆ. ರೇಡಿಯೋ ಸಂಶೋಧಕ ಫೆಸೆಂಡೆನ್ 1901ರಲ್ಲೇ ಕಂಡುಕೊಂಡ ಉಪಾಯವಿದು.

ಆ ಇನ್ನೊಂದು ತರಂಗವನ್ನು ಹಳೆಯ ಶಾರ್ಟ್‌ವೇವ್ ಟ್ರಾನ್ಸಿಸ್ಟರ್ ರೇಡಿಯೋದಿಂದ ಪಡೆದೆ. ಅದರೊಳಗಿನ ಆಂದೋಲಕವು (ತರಂಗ ಹುಟ್ಟಿಸುವ ಭಾಗ) ಡಯಲ್ಲು ತೋರಿಸುವುದಕ್ಕಿಂತ 455 ಕಿಲೋಹರ್ಟ್ಜ್ ಮೇಲೆ ಓಡುತ್ತಿರುತ್ತದೆ, ಸ್ವಲ್ಪ ಹೊರಗೂ ಸೋರುತ್ತದೆ. ಸ್ನೇಹಿತರು 7.020 ಮೆಗಾಹರ್ಟ್ಜ್‌ನಲ್ಲಿದ್ದರು, ಹಾಗಾದರೆ ಮುಳ್ಳು 6.565ರ ಆಸುಪಾಸಿನಲ್ಲಿರಬೇಕು. ಟ್ರಾನ್ಸಿಸ್ಟರಿನ ದನಿ ಪೂರ್ತಿ ತಗ್ಗಿಸಿ, ಸುರುಳಿಯಿಂದ ಒಂದು ಗೇಣು ದೂರದಲ್ಲಿಟ್ಟು ಗುಂಡಿಯನ್ನು ನಿಧಾನವಾಗಿ ತಿರುಗಿಸಿದೆ. ಸಿಳ್ಳೆಯೊಂದು ಮೇಲಿನಿಂದ ಇಳಿದುಬಂತು, ಅದರೊಳಗೇ ಡಾ-ಡಿ-ಡಾ-ಡಿ, ಡಾ-ಡಾ-ಡಿ-ಡಾ! ಮೈ ಜುಮ್ಮೆಂದಿತು. ಇನ್ನೂ ಸೋಜಿಗವೆಂದರೆ, ಟ್ರಾನ್ಸಿಸ್ಟರ್ ಹತ್ತಿರ ಬಂದೊಡನೆ ಸೆಟ್ಟಿನ ಕಿವಿಯೇ ಚುರುಕಾಯಿತು. ಕ್ಷೀಣ ಸಂಕೇತಕ್ಕೆ ಡಯೋಡು ತಾನಾಗಿ ಸ್ಪಂದಿಸುವುದು ತೀರ ಕಡಿಮೆ. ಬಲವಾದ ಸ್ಥಳೀಯ ತರಂಗ ಅದನ್ನು ಎಚ್ಚರದಲ್ಲಿಡುತ್ತದೆ.

ಆಮೇಲೆ ಅವರು ಸಿಂಗಲ್ ಸೈಡ್‌ಬ್ಯಾಂಡಿನಲ್ಲಿ, ಅಂದರೆ ತರಂಗದ ಒಂದು ಪಕ್ಕವನ್ನಷ್ಟೇ ಕಳುಹಿಸುವ ವಿಧಾನದಲ್ಲಿ, ಮಾತನಾಡಿದರು. ಇದು ಕಷ್ಟ. ವಾಹಕವನ್ನು ಕಳುಹಿಸುವಾಗಲೇ ತೆಗೆದಿರುತ್ತಾರೆ, ನಾವು ಅದನ್ನು ಸರಿಯಾದ ಜಾಗದಲ್ಲೇ ಕೂರಿಸಬೇಕು. ಗುಂಡಿ ಕೂದಲೆಳೆಯಷ್ಟು ಸರಿದರೂ ಮಾತು ಗೊರಗೊರ ಎನ್ನುತ್ತದೆ; ಕೈ ಹತ್ತಿರ ಬಂದರೂ ಸಾಕು, ಸ್ವರ ಜಾರುತ್ತದೆ. ಟ್ರಾನ್ಸಿಸ್ಟರನ್ನು ಅರ್ಧ ಗಂಟೆ ಹಚ್ಚಿಟ್ಟು ಬಿಸಿಯಾಗಲು ಬಿಟ್ಟು, ಗುಂಡಿಗೆ ಉದ್ದನೆಯ ಮರದ ಕಡ್ಡಿ ಕಟ್ಟಿ ದೂರದಿಂದ ತಿರುಗಿಸಿದೆ. ನಾಲ್ಕನೇ ಸಲಕ್ಕೆ, "ಊಟ ಆಯಿತೇ ರಾಯರೇ?" ಎಂದು ಅವರ ದನಿಯಲ್ಲೇ ಸ್ಪಷ್ಟವಾಗಿ ಕೇಳಿಸಿತು.