ಟೈರಿನ ಅಕ್ಷರಕ್ಕೆ ಬಿಳಿ ಬಣ್ಣ: ಮನೆಯಂಗಳದಲ್ಲೇ ಹಚ್ಚುವುದು ಹೇಗೆ?

ನಮ್ಮ ಬೊಲೆರೊ ಬೀದರಿನಲ್ಲಿ ಎಲ್ಲಿ ನಿಂತರೂ ಯಾರಾದರೊಬ್ಬರು ಕೇಳುತ್ತಾರೆ: ‘ಟೈರಿನ ಅಕ್ಷರಕ್ಕೆ ಬಣ್ಣ ಎಲ್ಲಿ ಹೊಡಿಸಿದ್ರಿ?’ ಎಲ್ಲೂ ಹೊಡಿಸಿಲ್ಲ. ಮನೆಯಂಗಳದಲ್ಲಿ ಪರ್ಸಿ ಮೇಲೆ ಚಾಪೆ ಹಾಸಿಕೊಂಡು ಕೂತು ನಾನೇ ಹಚ್ಚಿದ್ದು.

ಮೊದಲ ಸಲ ಮಾತ್ರ ಕೆಲಸ ಕೆಟ್ಟಿತ್ತು. ಗೇಟಿಗೆ ಹೊಡೆದು ಉಳಿದಿದ್ದ ಎನಾಮೆಲ್ ಬಣ್ಣವನ್ನೇ ಸಣ್ಣ ಬ್ರಶ್ಶಿನಿಂದ ದಪ್ಪಗೆ ಬಳಿದಿದ್ದೆ. ಭಾಲ್ಕಿಗೆ ಹೋಗಿ ಬರುವಷ್ಟರಲ್ಲಿ ಅದು ಹಪ್ಪಳದ ಹಾಗೆ ಬಿರಿದು ಎದ್ದಿತ್ತು. ಕಾರಣ ಸರಳ. ಟೈರ್ ಸುತ್ತುವಾಗ ನೆಲಕ್ಕೆ ತಾಗುವ ಕಡೆ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಉಬ್ಬಿ ಮತ್ತೆ ನೆಟ್ಟಗಾಗುತ್ತದೆ. ದಪ್ಪ, ಗಟ್ಟಿ ಬಣ್ಣ ಅದರ ಜೊತೆ ಬಾಗುವುದಿಲ್ಲ. ತೆಳ್ಳಗೆ ಕೂರುವ ಬಣ್ಣವೇ ಬೇಕು.

ಹಾಗಾಗಿ ಪೇಂಟ್ ಮಾರ್ಕರ್ ತನ್ನಿ. ಟೈರಿಗೆ ಅಂತಲೇ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಣ್ಣೆ ಆಧಾರದ್ದೇ ಇರಲಿ. ನೀರಿನ ಆಧಾರದ ಮಾರ್ಕರ್ ಕಾಗದಕ್ಕೆ ಛಂದ, ಟೈರ್ ಮೇಲೆ ಎರಡು ಮಳೆಗೂ ನಿಲ್ಲುವುದಿಲ್ಲ. ತುದಿ ಎರಡು, ಮೂರು ಮಿಲಿಮೀಟರ್ ಇದ್ದರೆ ಸಾಕು. ನನಗೆ ನಾಲ್ಕು ಚಕ್ರಕ್ಕೆ ಎರಡು ಪೆನ್ನು ಹಿಡಿಯಿತು. ಜೊತೆಗೆ ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಶ್, ಔಷಧ ಅಂಗಡಿಯಲ್ಲಿ ಸಿಗುವ ಸ್ಪಿರಿಟ್, ಹಳೆಯ ಹತ್ತಿ ಅರಿವೆ, ಕಿವಿಗೆ ಹಾಕುವ ಹತ್ತಿಕಡ್ಡಿ ಇಟ್ಟುಕೊಳ್ಳಿ.

ಈಗ ತೊಳೆಯುವ ಕೆಲಸ. ಇದಕ್ಕೆ ಬಣ್ಣ ಹಚ್ಚುವುದಕ್ಕಿಂತ ಜಾಸ್ತಿ ಹೊತ್ತು ಕೊಡಿ. ಬಿದರಿ ಕೆಲಸ ಮಾಡುವವರನ್ನು ನಮ್ಮೂರಲ್ಲಿ ಎಲ್ಲರೂ ನೋಡಿದ್ದೀವಿ ಅಲ್ವಾ? ಎರಕದಿಂದ ಬಂದ ಪಾತ್ರೆಯನ್ನು ಮೊದಲು ಅರದಿಂದ ತಿಕ್ಕಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾರೆ. ಆಗಲೇ ಕೊರೆಯುವ ಗೆರೆ ಕಣ್ಣಿಗೆ ಕಾಣುವುದು. ಬೆಳ್ಳಿ ಕೂರಿಸುವುದು ಅದೆಲ್ಲ ಮುಗಿದ ಮೇಲೆ. ಟೈರಿನಲ್ಲೂ ಹಾಗೇ, ಮೈ ತಯಾರಾಗದೆ ಪೆನ್ನು ಮುಟ್ಟಬಾರದು.

ನಮ್ಮ ಬೀದರಿನ ಕೆಂಪು ಧೂಳು ಅಕ್ಷರದ ಬುಡದಲ್ಲಿ ಕೂತುಬಿಟ್ಟಿರುತ್ತದೆ. ಸೋಪು ನೀರು ಹಾಕಿ ಉಜ್ಜಿದರೆ ಮೊದಲು ಕೆಂಪು ನೀರು ಇಳಿಯುತ್ತದೆ, ಆಮೇಲೆ ಕಂದು ನೀರು. ಆ ಕಂದು ಬಣ್ಣ ಬರೀ ಕೊಳೆಯಲ್ಲ. ಗಾಳಿಯಲ್ಲಿರುವ ಓಜೋನ್‌ನಿಂದ ರಬ್ಬರ್ ಬಿರುಕು ಬಿಡದಿರಲಿ ಅಂತ ಕಂಪನಿಯವರು ಅದರಲ್ಲಿ ಮೇಣ ಮತ್ತು ರಾಸಾಯನಿಕ ಸೇರಿಸಿರುತ್ತಾರೆ. ಅದು ನಿಧಾನವಾಗಿ ಒಳಗಿಂದ ಮೇಲ್ಮೈಗೆ ಬರುತ್ತಲೇ ಇರುತ್ತದೆ. ಅದು ಟೈರಿಗೆ ಒಳ್ಳೆಯದೇ, ಆದರೆ ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ಸ್ಪಿರಿಟ್‌ನಲ್ಲಿ ಅದ್ದಿದ ಅರಿವೆಯಿಂದ ಅಕ್ಷರಗಳನ್ನಷ್ಟೇ ಒರೆಸಿ. ಅರಿವೆ ಕಪ್ಪಾದರೆ ಮಗ್ಗಲು ಬದಲಿಸಿ ಮತ್ತೆ ಒರೆಸಿ. ಅರಿವೆ ಸ್ವಚ್ಛವಾಗಿ ಬರುವ ತನಕ ಬಿಡಬೇಡಿ. ಪೆಟ್ರೋಲ್, ಥಿನ್ನರ್ ಮಾತ್ರ ಬೇಡವೇ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸ್ಪಿರಿಟ್ ಕೂಡ ಬೇಗ ಹೊತ್ತಿಕೊಳ್ಳುವ ವಸ್ತು. ಪಕ್ಕದಲ್ಲಿ ಬೀಡಿ, ಸಿಗರೇಟು ಇರಬಾರದು.

ಟೈರಿಗೆ ಮೊದಲೇ ಪಾಲಿಶ್ ಹಚ್ಚಿಸಿದ್ದರೆ ಇನ್ನೊಂದು ಸುತ್ತು ಜಾಸ್ತಿ ತೊಳೆಯಿರಿ. ಅದರ ಸಿಲಿಕೋನ್ ಸುಲಭವಾಗಿ ಬಿಡುವುದಿಲ್ಲ.

ಬಣ್ಣ ಹಚ್ಚುವುದು ಮುಂಜಾನೆ, ನೆರಳಿನಲ್ಲಿ. ನಮ್ಮ ಬೇಸಿಗೆ ಬಿಸಿಲಿಗೆ ಕಾದ ಟೈರ್ ಮೇಲೆ ಬಣ್ಣ ಪೆನ್ನಿನ ತುದಿಯಲ್ಲೇ ಒಣಗಿ ಗಂಟು ಕಟ್ಟುತ್ತದೆ. ಚಕ್ರ ಬಿಚ್ಚುವ ಅಗತ್ಯವಿಲ್ಲ, ಜ್ಯಾಕ್ ಕೂಡ ಬೇಡ. ಸಮ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಕೈಗೆ ಸಿಗುವ ಅಕ್ಷರ ಮುಗಿಸಿ. ಅದು ಒಣಗಿದ ಮೇಲೆ ಗಾಡಿಯನ್ನು ಅರ್ಧ ಸುತ್ತು ಮುಂದೆ ಸರಿಸಿದರೆ ಕೆಳಗಿನ ಅಕ್ಷರಗಳು ಮೇಲೆ ಬರುತ್ತವೆ.

ಪೆನ್ನನ್ನು ಚೆನ್ನಾಗಿ ಅಲುಗಾಡಿಸಿ, ತುದಿಯನ್ನು ರಟ್ಟಿನ ಮೇಲೆ ಒತ್ತಿ ಬಣ್ಣ ಇಳಿಸಿಕೊಳ್ಳಿ. ಟೈರ್ ಮೇಲೆಯೇ ಒತ್ತಿದರೆ ದೊಡ್ಡ ಹನಿ ಬಿದ್ದು ಅಕ್ಷರದ ಕೆಳಗೆ ಹರಿಯುತ್ತದೆ. ತುದಿ ಅಕ್ಷರದ ನೆತ್ತಿಯ ಮೇಲೆ ಮಲಗಿದಂತೆ ಹೋಗಬೇಕು. ಉಬ್ಬು ಬಹಳ ಎತ್ತರವೇನೂ ಇರುವುದಿಲ್ಲ. ಪೆನ್ನು ನೆಟ್ಟಗೆ ನಿಲ್ಲಿಸಿದರೆ ತುದಿ ಜಾರಿ ಪಕ್ಕಕ್ಕೆ ಇಳಿದುಬಿಡುತ್ತದೆ. ನಾನು ಅಕ್ಷರದ ನಡುವಿನಿಂದ ಶುರುಮಾಡಿ ಅಂಚಿನ ಕಡೆ ಬರುತ್ತೇನೆ. ಎಂಆರ್‌ಎಫ್‌ನ ‘ಎಂ’ ಸುಲಭ, ಎಲ್ಲ ನೇರ ಗೆರೆ. ‘ಆರ್’ನ ಹೊಟ್ಟೆಯಲ್ಲಿ ಕೈ ಕಟ್ಟಿಕೊಳ್ಳುತ್ತದೆ, ಅಲ್ಲಿ ಉಸಿರು ಹಿಡಿದು ನಿಧಾನ ಹೋಗಿ. ಬಣ್ಣ ಆಚೆ ಹೋಯಿತಾ? ಒಂದು ನಿಮಿಷದೊಳಗೆ ಹತ್ತಿಕಡ್ಡಿಗೆ ಸ್ಪಿರಿಟ್ ಹಾಕಿ ಒರೆಸಿದರೆ ಗುರುತೂ ಉಳಿಯುವುದಿಲ್ಲ.

ಮೊದಲ ಪದರ ಬೂದಿ ಬೂದಿಯಾಗಿ ಕಾಣುತ್ತದೆ. ಎಷ್ಟೋ ಜನ ಇಲ್ಲೇ ಗಾಬರಿಯಾಗಿ ಮೇಲೆ ಮೇಲೆ ಬಳಿದು ಕೆಡಿಸುವುದು. ಹದಿನೈದು, ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಎರಡನೆಯ ಪದರಕ್ಕೆ ಬಿಳುಪು ಬರುತ್ತದೆ, ಮೂರನೆಯದಕ್ಕೆ ತುಂಬುತ್ತದೆ. ಆಮೇಲೆ ಒಂದು ದಿನ ಗಾಡಿ ಓಡಿಸಬೇಡಿ, ನೀರೂ ತಾಗಿಸಬೇಡಿ.

ಯಾವ ಅಕ್ಷರಕ್ಕೆ ಹಚ್ಚಬೇಕು? ಕಂಪನಿ ಹೆಸರು, ಟೈರಿನ ಹೆಸರು, ಅಷ್ಟಕ್ಕೆ ನಿಲ್ಲಿಸಿ. 215/75 ಆರ್ 15 ಅಂತ ಬರೆದಿರುವ ಅಳತೆ, ತೂಕದ ಸಂಖ್ಯೆ, ತಯಾರಾದ ದಿನದ ಗುರುತು ಹಾಗೇ ಇರಲಿ. ಆ ಗುರುತಿನ ಕೊನೆಯ ನಾಲ್ಕು ಅಂಕಿ ಓದಲು ಬರಬೇಕು. 2423 ಅಂದರೆ 2023ರ 24ನೆಯ ವಾರದ ಟೈರ್. ಹೇಗೂ ಟೈರ್ ಮುಂದೆ ಕೂತಿದ್ದೀರಿ, ನಿಮ್ಮದು ಯಾವ ವರ್ಷದ್ದು ನೋಡಿಕೊಳ್ಳಿ. ಪಕ್ಕದ ಗೋಡೆಯಲ್ಲಿ ಬಿರುಕು, ಉಬ್ಬು ಕಂಡರೆ ಬಣ್ಣದ ಯೋಚನೆ ಬಿಟ್ಟು ಮೊದಲು ಟೈರ್ ಬದಲಿಸಿ.

ಕಾರ್ಖಾನೆಯಿಂದಲೇ ಬಿಳಿ ಅಕ್ಷರ ಬರುವ ಟೈರ್‌ಗಳೂ ಇವೆ. ಅವುಗಳಲ್ಲಿ ಕಪ್ಪು ರಬ್ಬರಿನ ಕೆಳಗೆ ಬಿಳಿ ರಬ್ಬರಿನ ಪದರ ಇಟ್ಟು, ಅಕ್ಷರದ ಮೇಲಿನ ಕಪ್ಪನ್ನು ಉಜ್ಜಿ ತೆಗೆದಿರುತ್ತಾರೆ. ಅದು ಟೈರ್ ಸವೆಯುವ ತನಕ ಇರುತ್ತದೆ. ನಮ್ಮದು ಹಾಗಲ್ಲ, ಎರಡು ಮೂರು ತಿಂಗಳಿಗೊಮ್ಮೆ ಒಂದು ಪದರ ಕೇಳುತ್ತದೆ. ತೊಳೆಯುವಾಗ ಸೋಪು ನೀರು, ಮೆತ್ತನೆಯ ಬ್ರಶ್ ಸಾಕು. ವಾಶಿಂಗ್ ಸೆಂಟರ್‌ಗೆ ಹೋದರೆ ನೀರಿನ ಗನ್ ಹತ್ತಿರ ಹಿಡಿಯಬೇಡಿ, ಟೈರ್ ಪಾಲಿಶ್ ಬೇಡ ಅಂತ ಮೊದಲೇ ಹೇಳಿ. ಪಾಲಿಶ್ ಮೇಲೆ ಧೂಳು ಅಂಟಿ, ಬಿಳಿ ಅಕ್ಷರ ಒಂದೇ ವಾರದಲ್ಲಿ ಕೆಂಪಾಗುತ್ತದೆ. ಹಳೆ ಊರಿನ ಸಣ್ಣ ಗಲ್ಲಿಗಳಲ್ಲಿ ಕಟ್ಟೆಗೆ ಉಜ್ಜಿದರಂತೂ ಬಣ್ಣ ಉಳಿಯುವ ಮಾತೇ ಇಲ್ಲ.

ಆಯುಧ ಪೂಜೆಯಲ್ಲಿ ಅರಿಶಿನ ಕುಂಕುಮವನ್ನು ರಿಮ್‌ಗೆ ಹಚ್ಚಿ. ಅಕ್ಷರದ ಮೇಲೆ ಬಿದ್ದರೆ ಆ ಕಲೆ ಹೋಗುವುದಿಲ್ಲ, ಮೇಲೆ ಮತ್ತೆ ಬಿಳಿ ಹಚ್ಚಬೇಕಾಗುತ್ತದೆ. ಹಾಂ, ಬೊಲೆರೊ ಇದ್ದವರು ಹಿಂಬಾಗಿಲ ಮೇಲಿನ ಸ್ಟೆಪ್ನಿಯನ್ನು ಮರೆಯಬೇಡಿ. ಕವರ್ ತೆಗೆದು ಮೊದಲು ಅದಕ್ಕೇ ಹಚ್ಚಿ ಕೈ ಕೂರಿಸಿಕೊಳ್ಳಿ. ಎದೆಯ ಎತ್ತರಕ್ಕೆ ಇರುವುದರಿಂದ ಬಗ್ಗುವ ಕಷ್ಟವೂ ಇಲ್ಲ.